ಟ್ರಾನ್ಸ್‌ಫಾರ್ಮರ್ ಎಣ್ಣೆ: ಸೋಸಿದ್ದೆಲ್ಲ ಶುದ್ಧವಲ್ಲ

"ಆಯಿಲ್ ಫಿಲ್ಟರ್ ಮಾಡಿಸಿದೀವಿ, ಬಿಡಿವಿ 60 ಬಂದಿದೆ." ಸಬ್‌ಸ್ಟೇಷನ್ ಇರಲಿ, ಕಾರ್ಖಾನೆಯ ಯಾರ್ಡ್ ಇರಲಿ, ಎಣ್ಣೆಯ ಮಾತು ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ. ಬಿಡಿವಿ ಅಂದರೆ ಬ್ರೇಕ್‌ಡೌನ್ ವೋಲ್ಟೇಜ್, ಎಣ್ಣೆಯನ್ನು ಭೇದಿಸಿ ಕಿಡಿ ಹಾರುವ ವೋಲ್ಟೇಜ್. 60 ಕಿಲೋವೋಲ್ಟ್ ಒಳ್ಳೆಯ ಅಂಕಿಯೇ. ಆದರೆ ಅದೇ ಎಣ್ಣೆಯ ಬಣ್ಣ ಕಾಫಿ ಡಿಕಾಕ್ಷನ್ ಥರ ಇರಬಹುದು, ಆಮ್ಲಾಂಶ ಕಳಪೆಯ ಗೆರೆಯಾದ 0.3 ದಾಟಿರಬಹುದು, ಒಳಗೆ ಕಾಯಿಲ್‌ಗಳ ಮೇಲೆ ಕೆಸರು ಕೂರತೊಡಗಿರಬಹುದು. ಬಿಡಿವಿ ಪರೀಕ್ಷೆ ಕೇಳುವುದು ಒಂದೇ ಪ್ರಶ್ನೆ: ಈ ಗಳಿಗೆಯಲ್ಲಿ ಎಣ್ಣೆಯಲ್ಲಿ ತೇವ, ನಾರು, ಧೂಳು ಇದೆಯೇ? ಎಣ್ಣೆ ಹಳಸಿದೆಯೇ ಎಂದು ಅದು ಕೇಳುವುದೇ ಇಲ್ಲ.

ಹಬ್ಬದ ದಿನ ಹಪ್ಪಳ, ವಡೆ ಕರಿದು ಉಳಿದ ಎಣ್ಣೆಯನ್ನು ನೆನಪಿಸಿಕೊಳ್ಳಿ. ಜಾಲರಿಯಲ್ಲಿ ಸೋಸಿದರೆ ಕರಿಕಲು ಹೋಗುತ್ತದೆ, ಕಮಟು ಹೋಗುವುದಿಲ್ಲ. ಟ್ರಾನ್ಸ್‌ಫಾರ್ಮರ್ ಎಣ್ಣೆಯದೂ ಹೆಚ್ಚುಕಡಿಮೆ ಅದೇ ಕಥೆ. ಕರಿಕಲು ತೆಗೆಯುವುದು ಒಂದು ಕೆಲಸ. ತೇವ, ಗಾಳಿ, ಕಸವನ್ನು ಬೇರ್ಪಡಿಸುವ ಭೌತಿಕ ಶುದ್ಧಿ. ಕಮಟು ತೆಗೆಯುವುದು ಇನ್ನೊಂದು. ಎಣ್ಣೆಯಲ್ಲಿ ಕರಗಿಹೋದ ಆಮ್ಲ ಮತ್ತು ಕೆಸರಿನ ಬೀಜವನ್ನು ಹೀರಿ ತೆಗೆಯುವ ಪುನಶ್ಚೇತನ. ಯಂತ್ರ ಬೇರೆ, ಖರ್ಚು ಬೇರೆ, ಹಿಡಿಯುವ ಸಮಯ ಬೇರೆ. ಫೀಲ್ಡಿನ ಬಾಯಲ್ಲಿ ಮಾತ್ರ ಎರಡಕ್ಕೂ ಒಂದೇ ಹೆಸರು, "ಫಿಲ್ಟರ್". ತೊಂದರೆ ಶುರುವಾಗುವುದು ಅಲ್ಲಿಂದಲೇ.

ಎಣ್ಣೆ ಹಳಸುವುದು ಹೇಗೆ

ಖನಿಜ ಎಣ್ಣೆ ಅಂದರೆ ಹೈಡ್ರೋಕಾರ್ಬನ್‌ಗಳ ಮಿಶ್ರಣ. ಟ್ರಾನ್ಸ್‌ಫಾರ್ಮರ್ ಉಸಿರಾಡಿದಾಗಲೆಲ್ಲ, ಅಂದರೆ ಎಣ್ಣೆ ಕಾದು ಹಿಗ್ಗಿ, ತಣಿದು ಕುಗ್ಗುವಾಗ ಗಾಳಿ ಒಳಹೊರಗೆ ಆಡಿದಾಗಲೆಲ್ಲ, ಒಂದಿಷ್ಟು ಆಮ್ಲಜನಕ ಒಳಗೆ ಬಂದು ಎಣ್ಣೆಯಲ್ಲಿ ಕರಗುತ್ತದೆ. ಬಿಸಿ ಇದ್ದೇ ಇದೆ. ಸುತ್ತ ತಾಮ್ರ ಮತ್ತು ಕಬ್ಬಿಣ ಇವೆ. ಇವೆರಡೂ ಉತ್ಕರ್ಷಣವನ್ನು ಚುರುಕುಗೊಳಿಸುವ ವೇಗವರ್ಧಕಗಳು, ಅದರಲ್ಲೂ ತಾಮ್ರ. ಮೊದಲು ಪೆರಾಕ್ಸೈಡ್‌ಗಳು ಹುಟ್ಟುತ್ತವೆ, ಅವು ಆಲ್ಡಿಹೈಡ್, ಕೀಟೋನ್‌ಗಳಾಗುತ್ತವೆ, ಮುಂದೆ ಸಾವಯವ ಆಮ್ಲಗಳಾಗುತ್ತವೆ. ಕೊನೆಗೆ ಇವೇ ಅಣುಗಳು ಒಂದಕ್ಕೊಂದು ಅಂಟಿಕೊಂಡು ಎಣ್ಣೆಯಲ್ಲಿ ಕರಗದ ಕೆಸರಾಗುತ್ತವೆ. ತಾಪಮಾನ ಎಂಟು-ಹತ್ತು ಡಿಗ್ರಿ ಏರಿದರೆ ಈ ಓಟದ ವೇಗ ಸುಮಾರಾಗಿ ಇಮ್ಮಡಿ. ಕೆಸರು ಕಾಯಿಲ್‌ಗಳ ನಡುವಿನ ತಂಪಿನ ಸಂದಿಗಳಲ್ಲಿ, ರೇಡಿಯೇಟರ್ ಕೊಳವೆಗಳಲ್ಲಿ ಕೂತು ಶಾಖ ಹೊರಹೋಗುವುದನ್ನು ತಡೆಯುತ್ತದೆ. ಬಿಸಿ ಇನ್ನೂ ಏರುತ್ತದೆ. ಕೆಸರು ಇನ್ನೂ ಹೆಚ್ಚುತ್ತದೆ.

ಎಣ್ಣೆ ಕೆಟ್ಟರೆ ಬದಲಿಸಬಹುದು. ಬದಲಿಸಲಾಗದ್ದು ಕಾಯಿಲ್‌ಗೆ ಸುತ್ತಿದ ಕಾಗದ. ಹೊಸ ಕಾಗದದ ಸೆಲ್ಯುಲೋಸ್ ಸರಪಳಿಯಲ್ಲಿ ಸರಾಸರಿ ಸಾವಿರಕ್ಕೂ ಹೆಚ್ಚು ಕೊಂಡಿಗಳಿರುತ್ತವೆ. ಅದು 200ರ ಆಸುಪಾಸಿಗೆ ಇಳಿದರೆ ಕಾಗದ ಒಣಗಿದ ಬಾಳೆಪಟ್ಟೆಯಂತೆ ಮುರಿಯುತ್ತದೆ, ಒಂದು ಶಾರ್ಟ್ ಸರ್ಕ್ಯೂಟ್‌ನ ಎಳೆತಕ್ಕೆ ಟ್ರಾನ್ಸ್‌ಫಾರ್ಮರ್ ಮುಗಿಯಿತು. ಆ ಸರಪಳಿಯನ್ನು ಕತ್ತರಿಸುವುದು ನೀರು ಮತ್ತು ಆಮ್ಲ, ಎರಡೂ ಸೇರಿ. ಕತ್ತರಿಸಿದಾಗ ಮತ್ತೆ ನೀರೇ ಹುಟ್ಟುತ್ತದೆ. ಆದ್ದರಿಂದ ಎಣ್ಣೆ ಶುದ್ಧಿ ಎಂಬುದು ಎಣ್ಣೆ ಉಳಿಸುವ ಕೆಲಸಕ್ಕಿಂತ ಹೆಚ್ಚಾಗಿ ಕಾಗದ ಉಳಿಸುವ ಕೆಲಸ. ಕಾಗದ ಸತ್ತ ಮೇಲೆ ಎಣ್ಣೆಯನ್ನು ಎಷ್ಟು ತಿಳಿಯಾಗಿಸಿದರೂ ಅದು ಹೆಣದ ಶೃಂಗಾರ.

ಯಾವ ಅಂಕಿ ಏನು ಹೇಳುತ್ತದೆ

ಹೊಸ ಎಣ್ಣೆಗೆ ಭಾರತೀಯ ಮಾನಕ ಐಎಸ್ 335, ಬಳಕೆಯಲ್ಲಿರುವ ಎಣ್ಣೆಯ ನಿಗಾಕ್ಕೆ ಐಎಸ್ 1866. ಎರಡನೆಯದನ್ನು ಕೈಯಲ್ಲಿಟ್ಟುಕೊಂಡು ಓದುವ ಅಭ್ಯಾಸ ನಮ್ಮಲ್ಲಿ ಕಡಿಮೆ, ಆದರೆ ನಿರ್ಧಾರಗಳೆಲ್ಲ ಇರುವುದು ಅದರಲ್ಲೇ. ಕರ್ನಾಟಕದಲ್ಲಿ ಎಲ್ಲೆಡೆ ಕಾಣುವ 66/11 ಕೆವಿ ವರ್ಗದ ಟ್ರಾನ್ಸ್‌ಫಾರ್ಮರನ್ನೇ ತೆಗೆದುಕೊಳ್ಳಿ. ಬಿಡಿವಿ 40ಕ್ಕಿಂತ ಮೇಲಿದ್ದರೆ ಒಳ್ಳೆಯದು, 30ಕ್ಕಿಂತ ಕೆಳಗಿದ್ದರೆ ಕಳಪೆ. ಆಮ್ಲಾಂಶ, ಅಂದರೆ ಒಂದು ಗ್ರಾಂ ಎಣ್ಣೆಯ ಆಮ್ಲವನ್ನು ತಟಸ್ಥಗೊಳಿಸಲು ಬೇಕಾದ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನ ಮಿಲಿಗ್ರಾಂ, 0.15ರೊಳಗಿದ್ದರೆ ಒಳ್ಳೆಯದು, 0.30 ದಾಟಿದರೆ ಕಳಪೆ. ವೋಲ್ಟೇಜ್ ಹೆಚ್ಚಿದಷ್ಟೂ ಮಿತಿ ಬಿಗಿಯಾಗುತ್ತದೆ. 170 ಕೆವಿಗೆ ಮೇಲ್ಪಟ್ಟ ವರ್ಗಕ್ಕೆ, ಅಂದರೆ ನಮ್ಮ 220 ಮತ್ತು 400 ಕೆವಿಗೆ, ಬಿಡಿವಿ 60 ದಾಟಿರಬೇಕು, ಆಮ್ಲಾಂಶ 0.15 ಮೀರಿದರೇ ಕಳಪೆ.

ಹೆಚ್ಚು ಜನ ಕಡೆಗಣಿಸುವ, ಆದರೆ ಎಲ್ಲಕ್ಕಿಂತ ಮೊದಲು ಎಚ್ಚರಿಸುವ ಅಂಕಿ ಅಂತರ್‌ಮುಖ ಕರ್ಷಣ. ಎಣ್ಣೆಯೂ ನೀರೂ ಸೇರುವ ಗೆರೆಯಲ್ಲಿರುವ ಬಿಗಿತ ಅದು. ಒಳ್ಳೆಯ ಹೊಸ ಎಣ್ಣೆಯಲ್ಲಿ ಮೀಟರಿಗೆ 40 ಮಿಲಿನ್ಯೂಟನ್ ಅಥವಾ ಹೆಚ್ಚು. ಉತ್ಕರ್ಷಣದಲ್ಲಿ ಹುಟ್ಟುವ ಅಣುಗಳು ಸೋಪಿನಂತೆ ಒಂದು ತುದಿ ನೀರಿಗೆ, ಇನ್ನೊಂದು ಎಣ್ಣೆಗೆ ಚಾಚಿ ಆ ಗೆರೆಯಲ್ಲಿ ಸೇರಿಕೊಂಡು ಬಿಗಿತ ಸಡಿಲಿಸುತ್ತವೆ. 25ರ ಕೆಳಗೆ ಇಳಿದರೆ ಕೆಸರು ಬಾಗಿಲಲ್ಲಿದೆ ಅಂತಲೇ ಲೆಕ್ಕ. ಆಮ್ಲಾಂಶ ಇನ್ನೂ 0.1ರ ಸುತ್ತ ಸುಳಿದಾಡುವಾಗಲೇ ಇದು ಇಳಿಯತೊಡಗಿರುತ್ತದೆ. ಎಣ್ಣೆಯಲ್ಲಿ ಸೋರಿ ವ್ಯರ್ಥವಾಗುವ ವಿದ್ಯುತ್ತನ್ನು ಅಳೆಯುವ ಟ್ಯಾನ್ ಡೆಲ್ಟಾವನ್ನೂ ಸೇರಿಸಿ ನೋಡಿದರೆ ಚಿತ್ರ ಪೂರ್ತಿ. ಬಿಡಿವಿ ಒಂದನ್ನೇ ನೋಡುವುದೆಂದರೆ ಜ್ವರ ನೋಡಿ ಸಕ್ಕರೆ ಕಾಯಿಲೆ ಇಲ್ಲ ಅಂದಂತೆ.

ಆಮ್ಲಾಂಶಕ್ಕೆ ಯಾರ್ಡಿನಲ್ಲೇ ಮಾಡಬಹುದಾದ ಒಂದು ಸರಳ ಪರೀಕ್ಷೆ ಇದೆ. ಪರೀಕ್ಷಾ ನಳಿಕೆಗೆ 1.1 ಮಿಲಿಲೀಟರ್ ಎಣ್ಣೆ, 1 ಮಿಲಿಲೀಟರ್ ಐಸೊಪ್ರೊಪೈಲ್ ಆಲ್ಕೋಹಾಲ್, 1 ಮಿಲಿಲೀಟರ್ 0.0085 ನಾರ್ಮಲ್ ಸೋಡಿಯಂ ಕಾರ್ಬೊನೇಟ್ ದ್ರಾವಣ, ಐದು ಹನಿ ಯೂನಿವರ್ಸಲ್ ಇಂಡಿಕೇಟರ್ ಹಾಕಿ ಮೆಲ್ಲಗೆ ಕುಲುಕುವುದು. ಈ ವಿಚಿತ್ರ ಅಳತೆಗಳ ಹಿಂದೆ ಒಂದು ಲೆಕ್ಕವಿದೆ. 1.1 ಮಿಲಿಲೀಟರ್ ಎಣ್ಣೆ ತೂಕದಲ್ಲಿ ಒಂದು ಗ್ರಾಂ ಹತ್ತಿರ. ಅಷ್ಟು ಕಾರ್ಬೊನೇಟ್ ಅರಗಿಸಿಕೊಳ್ಳುವ ಆಮ್ಲ ಸುಮಾರು 0.48 ಮಿಲಿಗ್ರಾಂ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ಗೆ ಸಮ. ಆದ್ದರಿಂದ ಆಮ್ಲ ಕಡಿಮೆಯಿದ್ದರೆ ದ್ರಾವಣ ಕ್ಷಾರದ ಕಡೆಯ ಕಡು ಬಣ್ಣದಲ್ಲೇ ಉಳಿಯುತ್ತದೆ, 0.5ರ ಹತ್ತಿರ ಬಂದರೆ ಹಳದಿಗೆ, ಅದನ್ನೂ ಮೀರಿದರೆ ಕಿತ್ತಳೆಗೆ ತಿರುಗುತ್ತದೆ. ಪ್ರಯೋಗಾಲಯದ ನಿಖರತೆ ಇದಕ್ಕಿಲ್ಲ. ಯಾವ ಡ್ರಮ್ಮನ್ನು ಫಿಲ್ಟರಿಗೆ ಕಳಿಸಬೇಕು, ಯಾವುದನ್ನು ಮಣ್ಣಿನ ಸಂಸ್ಕರಣೆಗೆ (ಆಮ್ಲ ಹೀರುವ ಜೇಡಿಮಣ್ಣಿನಿಂದ ಮಾಡುವ ಪುನಶ್ಚೇತನಕ್ಕೆ) ಕಳಿಸಬೇಕು ಎಂದು ವಿಂಗಡಿಸಲು ಧಾರಾಳ ಸಾಕು.

ಮಾದರಿ ತೆಗೆಯುವುದರಲ್ಲೇ ಅರ್ಧ ಪರೀಕ್ಷೆ ಹಾಳಾಗುತ್ತದೆ. ಕೆಳಗಿನ ವಾಲ್ವಿನಿಂದ ಒಂದೆರಡು ಲೀಟರ್ ಬಿಟ್ಟು ತೊಳೆದು, ಅದೇ ಎಣ್ಣೆಯಿಂದ ಒಣ ಗಾಜಿನ ಬಾಟಲಿಯನ್ನು ಎರಡು ಸಲ ಗಲಬರಿಸಿ, ನಂತರ ತುಂಬಬೇಕು. ಮಳೆ, ಮಂಜಿನ ಹೊತ್ತಿನಲ್ಲಿ ತೆಗೆಯಬಾರದು. ವಾಲ್ವಿನ ಬಾಯಿಯನ್ನು ಬನಿಯನ್ ವೇಸ್ಟಿನಿಂದ ಒರೆಸಿದರೆ ಒಂದು ಹತ್ತಿಯ ಎಳೆ ಸಾಕು, 2.5 ಮಿಲಿಮೀಟರ್ ಅಂತರದ ಎಲೆಕ್ಟ್ರೋಡುಗಳ ನಡುವೆ ಅದು ಸೇತುವೆಯಾಗಿ ಬಿಡಿವಿಯನ್ನು ಅರ್ಧಕ್ಕೆ ಇಳಿಸುತ್ತದೆ. ಪರೀಕ್ಷೆಯ ಕಪ್ಪಿಗೆ ಸುರಿದ ಮೇಲೆ ಐದು ನಿಮಿಷ ಗಾಳಿಗುಳ್ಳೆ ಅಡಗಲು ಬಿಟ್ಟು, ಸೆಕೆಂಡಿಗೆ 2 ಕಿಲೋವೋಲ್ಟ್‌ನಂತೆ ಏರಿಸಿ, ನಡುವೆ ಎರಡೆರಡು ನಿಮಿಷ ಬಿಟ್ಟು ಆರು ಸಲ ಒಡೆಸಿ ಸರಾಸರಿ ತೆಗೆಯಬೇಕು. ಆರರಲ್ಲಿ ಒಳ್ಳೆಯ ಮೂರನ್ನು ಆರಿಸಿ ಬರೆಯುವುದು ಪರೀಕ್ಷೆಯಲ್ಲ.

ಇನ್ನೊಂದು ಮಾತು, ಇದನ್ನು ಕೆಂಪು ಅಕ್ಷರದಲ್ಲೇ ಬರೆಯಬೇಕು: ಕರಗಿದ ಅನಿಲಗಳ ವಿಶ್ಲೇಷಣೆಗೆ ಮಾದರಿ ತೆಗೆಯುವುದು ಫಿಲ್ಟರ್ ಮಾಡುವ ಮುಂಚೆ. ಒಳಗೆ ಎಲ್ಲಿ ಕಿಡಿ ಹಾರಿದೆ, ಎಲ್ಲಿ ಕಾದಿದೆ ಎಂಬ ಚರಿತ್ರೆಯೆಲ್ಲ ಅಸಿಟಿಲಿನ್, ಎಥಿಲಿನ್, ಹೈಡ್ರೋಜನ್ ರೂಪದಲ್ಲಿ ಎಣ್ಣೆಯಲ್ಲಿರುತ್ತದೆ. ವ್ಯಾಕ್ಯೂಮ್ ಅದನ್ನು ಒರೆಸಿಹಾಕುತ್ತದೆ. ಕಾಗದದ ವಯಸ್ಸು ಹೇಳುವ ಫ್ಯೂರಾನ್ ಸಂಯುಕ್ತಗಳನ್ನು ಮಣ್ಣಿನ ಸಂಸ್ಕರಣೆ ಒರೆಸುತ್ತದೆ. ಎರಡಕ್ಕೂ ಮೊದಲಿನ ಅಂಕಿ ಬರೆದಿಟ್ಟುಕೊಳ್ಳದಿದ್ದರೆ ರೋಗಿಯ ಹಳೆಯ ಫೈಲನ್ನು ನಾವೇ ಸುಟ್ಟಂತೆ.

ಫಿಲ್ಟರ್ ಯಂತ್ರದೊಳಗೆ

ಯಂತ್ರದ ಸಾಲು ಹೀಗಿದೆ: ಮೊದಲು ಜಾಲರಿ, ಆಮೇಲೆ ಒಳಸೆಳೆಯುವ ಗೇರ್ ಪಂಪು, ಹೀಟರ್, ಒಂದು ಮೈಕ್ರಾನ್ ಅಥವಾ ಅದಕ್ಕೂ ಸಣ್ಣ ರಂಧ್ರದ ಕಾರ್ಟ್ರಿಜ್ ಫಿಲ್ಟರ್, ವ್ಯಾಕ್ಯೂಮ್ ಕೋಣೆ, ಕೊನೆಗೆ ಹೊರದಬ್ಬುವ ಪಂಪು. ಕೋಣೆಯೊಳಗೆ ಸಣ್ಣ ಸಣ್ಣ ಉಂಗುರಗಳನ್ನು ಪೇರಿಸಿರುತ್ತಾರೆ; ಎಣ್ಣೆ ಅವುಗಳ ಮೇಲೆ ತೆಳು ಪದರವಾಗಿ ಹರಿದಾಗ ಒಳಗಿನ ತೇವ, ಗಾಳಿ ಬೇಗ ಬಿಟ್ಟುಹೋಗುತ್ತವೆ.

ಬಿಸಿ ಏಕೆ ಬೇಕು? 20 ಡಿಗ್ರಿಯಲ್ಲಿ ಖನಿಜ ಎಣ್ಣೆ ಸುಮಾರು 55 ಪಿಪಿಎಂ (ಹತ್ತು ಲಕ್ಷ ಪಾಲಿಗೆ 55 ಪಾಲು) ನೀರನ್ನಷ್ಟೇ ಕರಗಿಸಿಟ್ಟುಕೊಳ್ಳಬಲ್ಲದು, 60 ಡಿಗ್ರಿಯಲ್ಲಿ 240ರ ಹತ್ತಿರ. ಬಿಸಿಯಾದ ಎಣ್ಣೆ ತೆಳ್ಳಗಾಗುತ್ತದೆ, ಅದರಲ್ಲಿನ ನೀರು ಆವಿಯಾಗಿ ಏಳಲು ಹಾತೊರೆಯುತ್ತದೆ. 1 ಟಾರ್ (ವಾತಾವರಣದ ಒತ್ತಡದ 760ನೇ ಒಂದು ಪಾಲು) ಒತ್ತಡದಲ್ಲಿ, 60 ಡಿಗ್ರಿಯಲ್ಲಿ ಒಂದೇ ಒಂದು ಮಿಲಿಲೀಟರ್ ನೀರು ಸಾವಿರ ಲೀಟರಿಗೂ ಮೀರಿದ ಆವಿಯಾಗಿ ಹಿಗ್ಗುತ್ತದೆ. ಒದ್ದೆ ಎಣ್ಣೆಯನ್ನು ಏಕಾಏಕಿ ಪೂರ್ಣ ವ್ಯಾಕ್ಯೂಮಿಗೆ ಬಿಟ್ಟರೆ ಕೋಣೆ ಹಾಲುಕ್ಕಿದಂತೆ ನೊರೆಯುಕ್ಕುವುದು ಇದಕ್ಕೇ. ಆ ನೊರೆ ವ್ಯಾಕ್ಯೂಮ್ ಪಂಪಿಗೆ ಹೋದರೆ ಪಂಪಿನದೇ ಎಣ್ಣೆ ಮಜ್ಜಿಗೆಯಾಗುತ್ತದೆ, ಆಮೇಲೆ ಮೀಟರಿನ ಮುಳ್ಳು ಎಷ್ಟು ಹೊತ್ತಾದರೂ ಕೆಳಗಿಳಿಯುವುದಿಲ್ಲ. ಪಂಪಿನ ಎಣ್ಣೆ ಬದಲಿಸುವುದು, ಗ್ಯಾಸ್ ಬ್ಯಾಲಸ್ಟ್ (ಆವಿ ಪಂಪಿನೊಳಗೆ ನೀರಾಗದಂತೆ ಒಂದಿಷ್ಟು ಗಾಳಿ ಬಿಡುವ ವಾಲ್ವು) ತೆರೆದಿಡುವುದು ಆಪರೇಟರ್‌ನ ದಿನಚರಿಯಾಗಬೇಕು.

ಹಾಗೆಂದು ಬಿಸಿಯನ್ನು ಮನಬಂದಂತೆ ಏರಿಸುವ ಹಾಗಿಲ್ಲ. 55ರಿಂದ 65 ಡಿಗ್ರಿ ಸುರಕ್ಷಿತ. ಅದಕ್ಕೂ ಮೀರಿ, ಆಳದ ವ್ಯಾಕ್ಯೂಮೂ ಸೇರಿದರೆ, ಎಣ್ಣೆಯ ಹಗುರ ಭಾಗಗಳೂ ಉತ್ಕರ್ಷಣ ತಡೆಯಲು ಬೆರೆಸಿದ ಡಿಬಿಪಿಸಿಯೂ ಆವಿಯಾಗಿ ಪಂಪಿನ ಹೊಗೆಯಲ್ಲಿ ಹೊರಟುಹೋಗುತ್ತವೆ. ಹರಿವು ನಿಂತಾಗ ಹೀಟರ್ ತಾನಾಗಿ ಆರುವ ಇಂಟರ್‌ಲಾಕ್ ಕೆಲಸ ಮಾಡುತ್ತಿದೆಯೇ ನೋಡಿ. ಹೀಟರ್ ಸರಳಿಗೆ ಅಂಟಿ ನಿಂತ ಎಣ್ಣೆ ಸೀದು ಒಡೆದು ಹೊಸ ಅನಿಲಗಳನ್ನು ಹುಟ್ಟಿಸುತ್ತದೆ. ಮುಂದೆ ಅನಿಲ ವರದಿ ನೋಡಿದವರು ಟ್ರಾನ್ಸ್‌ಫಾರ್ಮರ್ ಒಳಗೇ ದೋಷ ಹುಡುಕತೊಡಗುತ್ತಾರೆ.

ಎಷ್ಟು ಹೊತ್ತು ಓಡಿಸಬೇಕು ಎಂಬುದರಲ್ಲಿ ಎಲ್ಲರೂ ಎಡವುತ್ತಾರೆ. 10,000 ಲೀಟರ್ ಎಣ್ಣೆ, ಗಂಟೆಗೆ 2,500 ಲೀಟರ್ ಹರಿಸುವ ಯಂತ್ರ. ನಾಲ್ಕು ಗಂಟೆಗೆ ಕೆಲಸ ಮುಗಿಯಿತು ಅಂದುಕೊಂಡರೆ ತಪ್ಪು. ಕೆಳಗಿನಿಂದ ಎಳೆದು ಅದೇ ಟ್ಯಾಂಕಿಗೆ ಮೇಲಿನಿಂದ ಬಿಡುತ್ತಿದ್ದೇವೆ. ಬಾವಿಯಿಂದ ಕೊಡ ಎತ್ತಿ, ಸೋಸಿ, ಅದೇ ಬಾವಿಗೆ ಸುರಿದಂತೆ. ಸೋಸಿದ್ದು ಸೋಸದ್ದರ ಜೊತೆ ಬೆರೆಯುತ್ತಲೇ ಇರುತ್ತದೆ. ಪೂರ್ತಿ ಬೆರೆಯುತ್ತದೆ ಎಂದಿಟ್ಟುಕೊಂಡರೆ ನಾಲ್ಕು ಗಂಟೆಯ ನಂತರ 37 ಶೇಕಡಾ ಎಣ್ಣೆ ಯಂತ್ರದ ಮುಖವನ್ನೇ ನೋಡಿರುವುದಿಲ್ಲ. ಎಂಟು ಗಂಟೆಗೆ 13.5, ಹನ್ನೆರಡಕ್ಕೆ 5, ಇಪ್ಪತ್ತು ಗಂಟೆಗೆ ಒಂದು ಶೇಕಡಾಕ್ಕಿಂತ ಕಡಿಮೆ. ಕನಿಷ್ಠ ಮೂರು ಸುತ್ತು ಎಂಬ ರೂಢಿಯ ಹಿಂದಿರುವುದು ಈ ಲೆಕ್ಕ. ಖಾಲಿ, ಶುಭ್ರ ಟ್ಯಾಂಕೊಂದು ಸಿಕ್ಕರೆ ಒಂದರಿಂದ ಇನ್ನೊಂದಕ್ಕೆ ಹರಿಸಿ; ಆಗ ಒಂದೇ ಸುತ್ತಿಗೆ ಪ್ರತಿ ಹನಿಯೂ ಯಂತ್ರ ದಾಟುತ್ತದೆ.

ಅಷ್ಟೆಲ್ಲ ಮಾಡಿಯೂ ಮೂರೇ ತಿಂಗಳಲ್ಲಿ ತೇವ ವಾಪಸ್ ಬಂತು ಎಂಬ ದೂರು ಸಾಮಾನ್ಯ. ಗುತ್ತಿಗೆದಾರನನ್ನು ಬಯ್ಯುವ ಮುನ್ನ ಇದನ್ನು ನೋಡಿ. 10,000 ಲೀಟರ್ ಅಂದರೆ 8,800 ಕೆ.ಜಿ. ಎಣ್ಣೆ, 25 ಪಿಪಿಎಂ ನೀರು ಅಂದರೆ ಒಟ್ಟು 220 ಮಿಲಿಲೀಟರ್, ಒಂದು ದೊಡ್ಡ ಲೋಟ. ಅದೇ ಟ್ರಾನ್ಸ್‌ಫಾರ್ಮರಿನಲ್ಲಿ 800 ಕೆ.ಜಿ. ಕಾಗದ, ಪ್ರೆಸ್‌ಬೋರ್ಡ್ ಇದ್ದು ಅದರಲ್ಲಿ 2.5 ಶೇಕಡಾ ತೇವವಿದ್ದರೆ ಆ ನೀರು 20 ಲೀಟರ್. ಲೋಟ ಖಾಲಿ ಮಾಡಿದ್ದೇವೆ, ಕೊಡ ಹಾಗೇ ಇದೆ. ಕಾಗದದಿಂದ ನೀರು ಎಣ್ಣೆಗೆ ನಿಧಾನವಾಗಿ ಜಿನುಗಿ ಹಳೆಯ ಸಮತೋಲಕ್ಕೆ ಬಂದೇ ಬರುತ್ತದೆ. ಕಾಗದ ಒಣಗಬೇಕೆಂದರೆ ಬಿಸಿ ಎಣ್ಣೆಯನ್ನು ದಿನಗಟ್ಟಲೆ ಸುತ್ತಿಸಬೇಕು, ಅಥವಾ ಎಣ್ಣೆ ಇಳಿಸಿ ವ್ಯಾಕ್ಯೂಮ್ ಹಿಡಿಯಬೇಕು, ಇಲ್ಲವೇ ಸಣ್ಣ ಆನ್‌ಲೈನ್ ಡ್ರೈಯರ್ ಕಟ್ಟಿ ತಿಂಗಳುಗಟ್ಟಲೆ ಬಿಡಬೇಕು.

ಟ್ಯಾಂಕಿಗೇ ವ್ಯಾಕ್ಯೂಮ್ ಹಿಡಿಯುವುದಾದರೆ, ಆ ಟ್ಯಾಂಕು ಅದನ್ನು ತಾಳುವಂತೆ ಮಾಡಿದ್ದೇ ಎಂದು ನೇಮ್‌ಪ್ಲೇಟು, ಡ್ರಾಯಿಂಗು ನೋಡದೆ ಕೈಹಾಕಬಾರದು. ಹಳೆಯ ಟ್ಯಾಂಕಿನ ಗೋಡೆಗಳು ಒಳಕ್ಕೆ ಕುಸಿಯುತ್ತವೆ. ವೋಲ್ಟೇಜ್ ಹೊಂದಿಸುವ ಟ್ಯಾಪ್ ಚೇಂಜರ್ ಕೋಣೆಗೂ ಮುಖ್ಯ ಟ್ಯಾಂಕಿಗೂ ನಡುವೆ ಸಮಒತ್ತಡದ ಕೊಳವೆ ಜೋಡಿಸಲು ಮರೆತರೆ ನಡುವಿನ ಬ್ಯಾರಿಯರ್ ಬೋರ್ಡ್ ಬಿರುಕು ಬಿಡುತ್ತದೆ. ಆಮೇಲೆ ಟ್ಯಾಪ್ ಚೇಂಜರಿನ ಇಂಗಾಲ ತುಂಬಿದ ಎಣ್ಣೆ ಮುಖ್ಯ ಎಣ್ಣೆಗೆ ಸೇರುತ್ತಾ ಹೋಗುತ್ತದೆ. ಯಂತ್ರ, ಹೋಸು, ಟ್ಯಾಂಕು ಎಲ್ಲಕ್ಕೂ ಅರ್ತ್ ಕೊಡಿ: ಒಣ ಎಣ್ಣೆ ಫಿಲ್ಟರಿನೊಳಗೆ ರಭಸದಿಂದ ಹರಿದಾಗ ಸ್ಥಿರ ವಿದ್ಯುತ್ ಕೂಡಿಕೊಳ್ಳುತ್ತದೆ. ಮುಗಿದ ಮೇಲೆ 12ರಿಂದ 24 ಗಂಟೆ ತಣಿಯಲು ಬಿಟ್ಟು, ಬುಕ್‌ಹೋಲ್ಜ್ ರಿಲೇ (ಒಳಗೆ ಅನಿಲ ಸೇರಿದರೆ ಎಚ್ಚರಿಸುವ ಸಾಧನ) ಮತ್ತು ಬುಶಿಂಗ್‌ಗಳಿಂದ ಗಾಳಿ ಬಿಡಿಸಿ, ನಂತರವೇ ಚಾರ್ಜ್ ಮಾಡುವುದು.

ಮುಲ್ತಾನಿ ಮಿಟ್ಟಿಯ ಕೆಲಸ

ಈಗ ಕಮಟಿನ ವಿಚಾರ. ಆಮ್ಲದ ಅಣು ಎಣ್ಣೆಯಲ್ಲಿ ಕರಗಿಹೋಗಿದೆ. ಒಂದು ಮೈಕ್ರಾನ್ ಅಲ್ಲ, ಅದರ ನೂರನೇ ಒಂದರಷ್ಟು ರಂಧ್ರದ ಫಿಲ್ಟರ್ ಇಟ್ಟರೂ ಅದು ನುಸುಳಿಹೋಗುತ್ತದೆ. ಕುದಿಬಿಂದು ಎತ್ತರದಲ್ಲಿರುವ ಆಮ್ಲಗಳು ವ್ಯಾಕ್ಯೂಮಿಗೂ ಜಗ್ಗುವುದಿಲ್ಲ. ಅದನ್ನು ಹಿಡಿಯುವುದು ಫುಲ್ಲರ್ಸ್ ಅರ್ತ್ ಎಂಬ ಜೇಡಿಮಣ್ಣು. ಮುಖಕ್ಕೆ ಹಚ್ಚುವ ಮುಲ್ತಾನಿ ಮಿಟ್ಟಿಯೂ ಇದೇ ಜಾತಿ. ಚರ್ಮದ ಜಿಡ್ಡು ಹೀರುವ ಗುಣವೇ ಇಲ್ಲೂ ಕೆಲಸಕ್ಕೆ ಬರುವುದು. ಹಿಂದೆ ಉಣ್ಣೆಯ ಜಿಡ್ಡು ತೆಗೆಯುತ್ತಿದ್ದ ಕಸುಬಿನವರಿಂದ ಇದಕ್ಕೆ ಇಂಗ್ಲಿಷಿನ ಹೆಸರು ಬಂದದ್ದು. ನಮ್ಮ ದೇಶದಲ್ಲಿ ರಾಜಸ್ಥಾನದ ಬಾಡಮೇರ್ ಕಡೆ ಇದರ ನಿಕ್ಷೇಪಗಳಿವೆ. ಮಣ್ಣಿನ ಕಣದೊಳಗೆ ಅಸಂಖ್ಯ ಸೂಕ್ಷ್ಮ ರಂಧ್ರಗಳು. ಆಮ್ಲ, ಕೀಟೋನ್, ಕೆಸರಿನ ಬೀಜ ಇವೆಲ್ಲ ಧ್ರುವೀಯ ಅಣುಗಳಾದ್ದರಿಂದ ಆ ರಂಧ್ರಗಳ ಗೋಡೆಗೆ ಅಂಟಿಕೊಳ್ಳುತ್ತವೆ, ಶುದ್ಧ ಹೈಡ್ರೋಕಾರ್ಬನ್ ಜಾರಿ ಮುಂದೆ ಹೋಗುತ್ತದೆ.

ಎಷ್ಟು ಮಣ್ಣು ಬೇಕು? ಆ 8,800 ಕೆ.ಜಿ. ಎಣ್ಣೆಯ ಆಮ್ಲಾಂಶ 0.25 ಆಗಿದ್ದರೆ ಒಟ್ಟು ಆಮ್ಲ 2.2 ಕೆ.ಜಿ. ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ಗೆ ಸಮ. ಕೇಳಲು ಅಷ್ಟೇ ಅನ್ನಿಸಿದರೂ ಅದನ್ನು ಹೀರಲು ಮಣ್ಣು ನೂರು ಲೀಟರಿಗೆ ಐದರಿಂದ ಹತ್ತು ಕೆ.ಜಿ. ಹಿಡಿಯಬಹುದು, ಅಂದರೆ ಅರ್ಧ ಟನ್ನಿನಿಂದ ಒಂದು ಟನ್. ಕಣ್ಣಂದಾಜಿನ ಬದಲು ಮೇಜಿನ ಮೇಲೆ ಒಂದು ಪ್ರಯೋಗ ಮಾಡಿನೋಡುವುದು ಜಾಣತನ. ನಾಲ್ಕು ಬೀಕರಿನಲ್ಲಿ ನೂರು ನೂರು ಗ್ರಾಂ ಎಣ್ಣೆ ತೆಗೆದುಕೊಂಡು 75 ಡಿಗ್ರಿಗೆ ಕಾಯಿಸಿ, ಒಣಗಿಸಿದ ಸಣ್ಣಪುಡಿಯ ಮಣ್ಣನ್ನು 3, 5, 8, 10 ಗ್ರಾಂ ಹಾಕಿ ಅರ್ಧ ಗಂಟೆ ಕಲಕಿ, ಕಾಗದದಲ್ಲಿ ಸೋಸಿ ಆಮ್ಲಾಂಶ ಅಳೆಯಿರಿ. ಯಾವ ಬೀಕರಿನಿಂದ ಮುಂದೆ ಇಳಿಕೆ ನಿಂತಿತೋ ಅಲ್ಲಿಗೆ ನಿಮ್ಮ ಅಳತೆ ಸಿಕ್ಕಿತು. ಹತ್ತು ಗ್ರಾಮಿಗೂ ಜಗ್ಗದಿದ್ದರೆ ಆ ಎಣ್ಣೆಯ ಮೇಲೆ ಹಣ ಸುರಿಯದೆ ಬಿಟ್ಟುಬಿಡುವುದೇ ವಾಸಿ.

ಮಣ್ಣನ್ನು ಬಳಸುವ ದಾರಿ ಎರಡು. ಪುಡಿಯನ್ನು ಬಿಸಿ ಎಣ್ಣೆಗೆ ಸುರಿದು ಕಲಕಿ, ಫಿಲ್ಟರ್ ಪ್ರೆಸ್ಸಿನಲ್ಲಿ ಹಿಂಡುವುದು ಒಂದು. ಡಿಪೋದಲ್ಲಿ ಡ್ರಮ್ಮುಗಟ್ಟಲೆ ಎಣ್ಣೆ ಸಂಸ್ಕರಿಸಲು ಇದು ಸರಿ. ಹರಳಿನಂಥ ಮಣ್ಣು ತುಂಬಿದ ಕಂಬಗಳ ಮೂಲಕ ಎಣ್ಣೆ ಹರಿಸುವುದು ಇನ್ನೊಂದು. ಟ್ರಾನ್ಸ್‌ಫಾರ್ಮರ್ ಪಕ್ಕಕ್ಕೇ ಗಾಡಿ ನಿಲ್ಲಿಸಿ ಮಾಡುವುದು ಇದನ್ನೇ. ಇಲ್ಲಿ ಯಂತ್ರಗಳ ಕ್ರಮ ತಪ್ಪಬಾರದು: ಹೀಟರ್, ಮಣ್ಣಿನ ಕಂಬ, ಸೂಕ್ಷ್ಮ ಫಿಲ್ಟರ್, ವ್ಯಾಕ್ಯೂಮ್, ಮತ್ತೆ ಫಿಲ್ಟರ್, ಆಮೇಲೆ ಟ್ಯಾಂಕು. ಮಣ್ಣು ಗೋದಾಮಿನಲ್ಲಿ ಕೂತಷ್ಟೂ ತೇವ ಹೀರಿರುತ್ತದೆ, ಆ ತೇವವನ್ನು ಎಣ್ಣೆಗೇ ಕೊಡುತ್ತದೆ. ಆದ್ದರಿಂದ ವ್ಯಾಕ್ಯೂಮ್ ಅದರ ನಂತರವೇ ಬರಬೇಕು. ಮಣ್ಣಿನ ಧೂಳು ಕಾಯಿಲ್ ಮೇಲೆ ಹೋಗಿ ಕೂತರೆ ಆಮ್ಲಕ್ಕಿಂತ ದೊಡ್ಡ ಅನಾಹುತ, ಅದಕ್ಕೆ ಸೂಕ್ಷ್ಮ ಫಿಲ್ಟರಿನ ಒತ್ತಡದ ಮೀಟರನ್ನು ಗಂಟೆಗೊಮ್ಮೆ ಬರೆದಿಡುವುದು. ಫಿಲ್ಟರಿನ ಎರಡು ಬದಿಯ ಒತ್ತಡದ ವ್ಯತ್ಯಾಸ ಏರುತ್ತಿದ್ದದ್ದು ಏಕಾಏಕಿ ಸೊನ್ನೆಗೆ ಬಂದರೆ ಫಿಲ್ಟರ್ ಸ್ವಚ್ಛವಾಗಿಲ್ಲ, ಹರಿದಿದೆ.

ಎಣ್ಣೆಯ ಆಮ್ಲ ಇಳಿಸಲು ಆರರಿಂದ ಹತ್ತು ಸುತ್ತು ಬೇಕಾದೀತು. ಕಾಯಿಲ್ ಮೇಲೆ ಆಗಲೇ ಕೂತ ಕೆಸರನ್ನು ಕರಗಿಸಬೇಕೆಂದರೆ ಕಥೆ ಬೇರೆ. ಎಣ್ಣೆ ತನ್ನ ಅನಿಲಿನ್ ಬಿಂದುವಿನ (ಅನಿಲಿನ್ ಎಂಬ ದ್ರವದೊಡನೆ ಪೂರ್ತಿ ಬೆರೆಯುವ ತಾಪಮಾನದ) ಹತ್ತಿರ, ಸುಮಾರು 80 ಡಿಗ್ರಿಗೆ ಬಂದಾಗ ಅದೇ ಒಳ್ಳೆಯ ದ್ರಾವಕವಾಗುತ್ತದೆ, ತಾನು ಹೆತ್ತ ಕೆಸರನ್ನು ತಾನೇ ಕರಗಿಸುತ್ತದೆ. ಆ ಬಿಸಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಸುತ್ತು. ಟ್ರಾನ್ಸ್‌ಫಾರ್ಮರ್ ಚಾಲೂ ಇದ್ದಾಗಲೇ ಮಾಡಿದರೆ ಕಾಯಿಲ್‌ನ ಬಿಸಿ ಮತ್ತು ಕಂಪನ ಎರಡೂ ಸಹಾಯಕ್ಕೆ ಬರುತ್ತವೆ, ಆದರೆ ಒಂದು ಹೋಸ್ ಬಿಟ್ಟುಕೊಂಡರೆ ಎಣ್ಣೆಯ ಮಟ್ಟ ಇಳಿಯುವ ವೇಗ ನೆನೆಸಿಕೊಳ್ಳಿ. ಸೋರಿಕೆ ಕಂಡ ಕೂಡಲೇ ತಾನೇ ಮುಚ್ಚುವ ವಾಲ್ವುಗಳಿಲ್ಲದ ಯಂತ್ರವನ್ನು ಚಾಲೂ ಟ್ರಾನ್ಸ್‌ಫಾರ್ಮರಿಗೆ ಜೋಡಿಸಲು ಒಪ್ಪಬಾರದು.

ಮಣ್ಣು ಒಳ್ಳೆಯದು, ಕೆಟ್ಟದ್ದು ಅಂತ ಪಕ್ಷಪಾತ ಮಾಡುವುದಿಲ್ಲ. ಆಮ್ಲದ ಜೊತೆ ಡಿಬಿಪಿಸಿಯನ್ನೂ, ತಾಮ್ರವನ್ನು ಕಾಪಾಡಲು ಹಾಕಿದ ಪ್ಯಾಸಿವೇಟರನ್ನೂ ಹೀರುತ್ತದೆ. ಹಾಗಾಗಿ ಸಂಸ್ಕರಣೆ ಮುಗಿದ ಎಣ್ಣೆ ನೋಡಲು ಹೊಸದರಂತೆ ತಿಳಿಹಳದಿ, ಆಮ್ಲಾಂಶ 0.05ರ ಕೆಳಗೆ, ಕರ್ಷಣ 35ರ ಮೇಲೆ, ಆದರೆ ರಕ್ಷಣೆಯಿಲ್ಲದ್ದು. ಹಾಗೇ ಬಿಟ್ಟರೆ ಮೊದಲಿಗಿಂತ ಬೇಗ ಹಳಸುತ್ತದೆ. ತೂಕದ 0.3 ಶೇಕಡಾ ಡಿಬಿಪಿಸಿ ಸೇರಿಸಬೇಕು. ನಮ್ಮ ಲೆಕ್ಕದ ಟ್ರಾನ್ಸ್‌ಫಾರ್ಮರಿಗೆ 26 ಕೆ.ಜಿ. ಚಿಲ್ಲರೆ. ಪುಡಿಯನ್ನು ನೇರ ಟ್ಯಾಂಕಿಗೆ ಸುರಿಯದೆ, ಒಂದಿಷ್ಟು ಬಿಸಿ ಎಣ್ಣೆಯಲ್ಲಿ ಗಟ್ಟಿಯಾಗಿ ಕರಗಿಸಿ, ಫಿಲ್ಟರ್ ದಾಟಿಸಿ ಬೆರೆಸುವುದು. ಬಿಲ್ಲು ಉಳಿಸಲು ಮೊದಲು ಬಿಟ್ಟುಬಿಡುವ ಹಂತ ಇದೇ ಆದ್ದರಿಂದ, ಕೆಲಸ ಮಾಡಿಸುವವರು ಡಿಬಿಪಿಸಿ ಪರೀಕ್ಷಾ ವರದಿಯನ್ನು ಕೇಳಿಯೇ ಹಣ ಕೊಡಲಿ.

ಬಳಸಿದ ಮಣ್ಣು ತನ್ನ ತೂಕದ ಮೂರನೇ ಒಂದರಿಂದ ಅರ್ಧದಷ್ಟು ಎಣ್ಣೆ ಕುಡಿದುಕೊಂಡಿರುತ್ತದೆ. ಈಗಿನ ಕೆಲವು ಯಂತ್ರಗಳಲ್ಲಿ ಆ ಎಣ್ಣೆಯನ್ನೇ ಕಂಬದೊಳಗೆ ಮೇಲಿನಿಂದ ಕೆಳಕ್ಕೆ ನಿಧಾನ ಉರಿಸಿ ಮಣ್ಣನ್ನು ಪುನಃ ಚುರುಕುಗೊಳಿಸುತ್ತಾರೆ. ಒಂದೇ ಮಣ್ಣು ನೂರಾರು ಸಲ ಕೆಲಸಕ್ಕೆ ಬರುತ್ತದೆ. ಗಂಧಕದ ಅಂಶವಿರುವ ಎಣ್ಣೆಗಳಲ್ಲಿ ಮಾತ್ರ ಎಚ್ಚರ ಬೇಕು. ತಾಮ್ರವನ್ನು ತಿನ್ನುವ ಡಿಬಿಡಿಎಸ್‌ನಂಥ ಸಂಯುಕ್ತಗಳನ್ನು ಸಾಮಾನ್ಯ ಮಣ್ಣು ಸರಿಯಾಗಿ ಹಿಡಿಯುವುದಿಲ್ಲ, ಆದ್ದರಿಂದ ಸಂಸ್ಕರಣೆಯ ನಂತರ ತಾಮ್ರ ತಿನ್ನುವ ಗಂಧಕದ (ಕರೋಸಿವ್ ಸಲ್ಫರ್) ಪರೀಕ್ಷೆ ಬಿಡಬಾರದು.

ಟಿಸಿ ಎಣ್ಣೆ, ಡ್ರಮ್ಮಿನ ಎಣ್ಣೆ

ಹೊಲದ ಬದುವಿನಲ್ಲಿ ನಿಂತ 25, 63, 100 ಕೆವಿಎ ಟಿಸಿಗಳ, ಅಂದರೆ ಸಣ್ಣ ವಿತರಣಾ ಟ್ರಾನ್ಸ್‌ಫಾರ್ಮರುಗಳ, ಮಾತೇ ಬೇರೆ. 63 ಕೆವಿಎಯಲ್ಲಿ ಮಾಡೆಲ್ ನೋಡಿಕೊಂಡು ನೂರರಿಂದ ನೂರೈವತ್ತು ಲೀಟರ್ ಇರಬಹುದು. ಅಷ್ಟಕ್ಕೆ ಯಾರೂ ದೊಡ್ಡ ಯಂತ್ರ ಒಯ್ಯುವುದಿಲ್ಲ. ಸುಟ್ಟು ರಿಪೇರಿಗೆ ಬಂದಾಗ ಎಣ್ಣೆ ಇಳಿಸಿ ಡ್ರಮ್ಮಿಗೆ ಹಾಕುತ್ತಾರೆ, ಹತ್ತು ಟಿಸಿಗಳ ಎಣ್ಣೆ ಒಂದೇ ಟ್ಯಾಂಕಿನಲ್ಲಿ ಬೆರೆಯುತ್ತದೆ, ಕಾಯಿಸಿ ಸೋಸಿ, ಬಿಡಿವಿ ನೋಡಿ ಹೊಸ ಕಾಯಿಲ್‌ಗೆ ತುಂಬುತ್ತಾರೆ. ಹೊಸ ಕಾಗದ ಮೊದಲ ದಿನದಿಂದಲೇ ಹಳೇ ಆಮ್ಲದಲ್ಲಿ ನೆನೆಯುತ್ತದೆ. ಇಲ್ಲಿ ಮಾಡಬೇಕಾದ್ದು ದೊಡ್ಡದೇನಲ್ಲ: ಬೆರೆಸುವ ಮುನ್ನ ಪ್ರತಿ ಡ್ರಮ್ಮಿಗೆ ಆ ನಳಿಕೆಯ ಬಣ್ಣದ ಪರೀಕ್ಷೆ, ಸುಟ್ಟ ಟಿಸಿಯ ಕರಿ ಎಣ್ಣೆ ಬೇರೆ ಡ್ರಮ್ಮಿಗೆ, ಆಮ್ಲ ಹೆಚ್ಚಿದ್ದನ್ನು ಮಣ್ಣಿನ ಸಂಸ್ಕರಣೆಗೆ. ಟಾಪ್-ಅಪ್ ಮಾಡುವಾಗಲೂ ಹಳೆಯ ಹುಳಿ ಎಣ್ಣೆಗೆ ಹೊಸ ಎಣ್ಣೆ ಸುರಿದರೆ ಸರಿಹೋಗುತ್ತದೆ ಎಂದು ನಂಬಬೇಡಿ. ಹಳೇ ಎಣ್ಣೆಯಲ್ಲಿ ಕರಗಿ ನಿಂತಿದ್ದ ಕೆಸರು ಹೊಸ ಎಣ್ಣೆ ಸೇರಿದಾಗ ಹೊರಬಂದು ಕೂರುವುದುಂಟು.

ಒಳಬರುವ ಗಾಳಿಯ ತೇವ ಹೀರುವ ಬ್ರೀದರಿನ ಸಿಲಿಕಾ ಜೆಲ್ ನೀಲಿಯಿಂದ ಗುಲಾಬಿಗೆ ತಿರುಗಿ ವರ್ಷವಾಗಿದ್ದರೆ, ಕೆಳಗಿನ ಬಟ್ಟಲಿನಲ್ಲಿ ಎಣ್ಣೆಯೇ ಇಲ್ಲದಿದ್ದರೆ, ಮಲೆನಾಡಿನ ಮಳೆಗಾಲದಲ್ಲಿ ಯಾವ ಫಿಲ್ಟರಿನ ಫಲವೂ ಒಂದು ಹಂಗಾಮು ಬಾಳುವುದಿಲ್ಲ.

ಇನ್ನು ಪಿಸಿಬಿ, ಅಂದರೆ ಪಾಲಿಕ್ಲೋರಿನೇಟೆಡ್ ಬೈಫಿನೈಲ್. ಹಳೆಯ ಕಾಲದ ಎಣ್ಣೆಗಳಲ್ಲಿ ಬೆರೆತಿರುವ ಈ ವಿಷವನ್ನು ಫಿಲ್ಟರೂ ತೆಗೆಯುವುದಿಲ್ಲ, ಮಣ್ಣೂ ತೆಗೆಯುವುದಿಲ್ಲ. ಒಂದು ಕಲುಷಿತ ಟ್ರಾನ್ಸ್‌ಫಾರ್ಮರಿಗೆ ಜೋಡಿಸಿದ ಯಂತ್ರದಲ್ಲಿ ಉಳಿದ ಎಣ್ಣೆ ಮುಂದಿನ ಟ್ರಾನ್ಸ್‌ಫಾರ್ಮರುಗಳಿಗೂ ಅದನ್ನು ದಾಟಿಸುತ್ತದೆ. ಕೇಂದ್ರ ಪರಿಸರ ಸಚಿವಾಲಯದ 2016ರ ಆದೇಶ ಪಿಸಿಬಿ ಬಳಕೆಯನ್ನು 2025ರ ಡಿಸೆಂಬರ್ 31ರೊಳಗೆ ಪೂರ್ತಿ ನಿಲ್ಲಿಸಬೇಕೆಂದು ಹೇಳಿತ್ತು. 50 ಪಿಪಿಎಂ ಎಂಬುದು ಗಡಿ. ಬೆಂಗಳೂರಿನ ಕೇಂದ್ರ ವಿದ್ಯುತ್ ಸಂಶೋಧನಾ ಸಂಸ್ಥೆ, ಸಿಪಿಆರ್‌ಐ, ಈ ವಿಚಾರದಲ್ಲಿ ಬಹುಕಾಲ ಕೆಲಸ ಮಾಡಿದ ಸಂಸ್ಥೆ. ಹಳೆಯ, ಮೂಲ ಗೊತ್ತಿಲ್ಲದ ಎಣ್ಣೆಯನ್ನು ಪಿಸಿಬಿ ಪರೀಕ್ಷೆಯಿಲ್ಲದೆ ಸಂಸ್ಕರಣೆಗೆ ಹಾಕಬಾರದು. ಖನಿಜ ಎಣ್ಣೆಗೆ ಬದಲಾಗಿ ಬಳಸುವ ಎಸ್ಟರ್ ಎಣ್ಣೆ ಓಡಿಸಿದ ಯಂತ್ರವನ್ನೂ ತೊಳೆಯದೆ ಖನಿಜ ಎಣ್ಣೆಗೆ ಹಚ್ಚಬಾರದು. ಬಳಸಿದ ಎಣ್ಣೆ, ಎಣ್ಣೆ ಕುಡಿದ ಮಣ್ಣು ಎರಡೂ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬರುತ್ತವೆ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವವರಿಗೇ ಕೊಡಬೇಕು, ಯಾರ್ಡಿನ ಹಿಂದಿನ ಗುಂಡಿಗೆ ಅಲ್ಲ.

ಕೆಲಸ ಮುಗಿದ ದಿನದ ವರದಿಗೆ ಬೆಲೆ ಅರ್ಧ. ಎಣ್ಣೆಯಲ್ಲಿ ನೂರಕ್ಕೆ ಐದರಿಂದ ಹತ್ತು ಪಾಲು ಕಾಗದದೊಳಗೇ ನೆನೆದಿರುತ್ತದೆ, ಅದರ ಹಳೇ ಆಮ್ಲ ವಾರಗಟ್ಟಲೆ ಹೊರಗೆ ಬರುತ್ತಿರುತ್ತದೆ. ಮೂರು ತಿಂಗಳ ನಂತರ ಇನ್ನೊಂದು ಮಾದರಿ, ಅದೇ ವಾಲ್ವಿನಿಂದ, ಹೆಚ್ಚುಕಡಿಮೆ ಅದೇ ಬಿಸಿಯಲ್ಲಿ. ಆಮ್ಲಾಂಶ 0.03ರಿಂದ 0.05ಕ್ಕೆ ಬಂದು ನಿಂತಿದ್ದರೆ ಅದು ಕಾಗದದ ಹಳೇ ಬಾಕಿ, ಚಿಂತೆಯಿಲ್ಲ. 0.1 ಮುಟ್ಟಿದ್ದರೆ ಕೆಸರು ಇನ್ನೂ ಒಳಗಿದೆ, ಸುತ್ತುಗಳು ಸಾಲದಾಗಿವೆ. ಗುತ್ತಿಗೆಯ ಕಾಗದದಲ್ಲಿ ಈ ಎರಡನೆಯ ಮಾದರಿಯ ಅಂಕಿಗೂ ಒಂದು ಸಾಲು ಇರಬೇಕು.